ದಿನಕ್ಕೊಂದು ಪುಟ: ಊರಿನ ಹಲಗೆಗೆ ‘ಇತಿಹಾಸದಲ್ಲಿ ಈ ದಿನ’ ಬರೆಯುವುದು ಹೇಗೆ

ಒಂದು ವರ್ಷ ಜುಲೈ 21ರ ಬೆಳಿಗ್ಗೆ ಶಾಲೆಯ ಬಾಗಿಲ ಬಳಿಯ ಕರಿಹಲಗೆಯ ಮೇಲೆ ಎರಡು ಸಾಲು ಬರೆದು ಕೈಗೆ ಹತ್ತಿದ ಸುಣ್ಣ ಕೊಡವುತ್ತಿದ್ದೆ. 1899ರಲ್ಲಿ ಅಮೆರಿಕದ ಕಾದಂಬರಿಕಾರ ಹೆಮಿಂಗ್ವೆ ಹುಟ್ಟಿದ್ದು ಮೊದಲ ಸಾಲು. 1960ರಲ್ಲಿ ಸಿರಿಮಾವೊ ಬಂಡಾರನಾಯಕೆ ಸಿಲೋನಿನ ಪ್ರಧಾನಿಯಾಗಿ, ಜಗತ್ತಿನಲ್ಲೇ ಆ ಹುದ್ದೆಗೇರಿದ ಮೊದಲ ಮಹಿಳೆ ಎನಿಸಿದ್ದು ಎರಡನೆಯದು. ಮೊಮ್ಮಗನನ್ನು ಬಿಡಲು ಬಂದ ಹಿರಿಯರೊಬ್ಬರು ಎರಡನ್ನೂ ನಿಧಾನವಾಗಿ ಓದಿ, “ಮಾಸ್ತರೇ, ಈ ದಿನ ನಮ್ಮ ಕಡೆ ಏನೂ ಆಗಿಲ್ಲವೇನು?” ಎಂದು ಕೇಳಿದರು.

ಆ ಶಾಲೆ ಇದ್ದದ್ದು ನವಲಗುಂದ ತಾಲ್ಲೂಕಿನಲ್ಲಿ. 1980ರ ಜುಲೈ 21, ಸೋಮವಾರ, ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರಿನ ಕರ ಮತ್ತು ಅಭಿವೃದ್ಧಿ ಕರದ ವಿರುದ್ಧ ಎದ್ದು ನಿಂತರು. ನರಗುಂದ, ನವಲಗುಂದಗಳಲ್ಲಿ ಗೋಲಿಬಾರು ನಡೆದು ರೈತರು ಪ್ರಾಣ ಕಳೆದುಕೊಂಡರು. ರಾಜ್ಯದ ರೈತ ಚಳವಳಿಗೆ ಬೆಂಕಿ ಹತ್ತಿದ್ದು ಅಲ್ಲಿಂದ. ಪ್ರತಿ ವರ್ಷ ಆ ದಿನ ಹುತಾತ್ಮ ರೈತರ ವೀರಗಲ್ಲಿಗೆ ಮಾಲೆ ಬೀಳುತ್ತದೆ. ಕೂಗಿದರೆ ಕೇಳುವಷ್ಟು ಹತ್ತಿರದ ಆ ಸಂಗತಿಯನ್ನು ಬಿಟ್ಟು ನಾನು ಹೆಮಿಂಗ್ವೆಯ ಹುಟ್ಟುಹಬ್ಬ ಆಚರಿಸುತ್ತಿದ್ದೆ. ಯಾರೋ ಎಲ್ಲಿಯೋ ಕುಳಿತು ಮಾಡಿದ ಪಟ್ಟಿಯನ್ನು ನಕಲು ಮಾಡಿದರೆ ಆಗುವುದು ಹೀಗೆಯೇ.

ಅಂದಿನಿಂದ ನಾನೇ ಒಂದು ದಫ್ತರ ಇಟ್ಟುಕೊಂಡೆ. ಪ್ರಾರ್ಥನೆಯ ಹೊತ್ತಿಗೆ ‘ದಿನದ ವಿಶೇಷ’ ಓದಿಸುವ ಶಿಕ್ಷಕರು, ಗ್ರಾಮ ಪಂಚಾಯಿತಿ ಗ್ರಂಥಾಲಯದ ಹಲಗೆ ನೋಡಿಕೊಳ್ಳುವವರು, ಊರಿನ ವಾಟ್ಸ್ಆ್ಯಪ್ ಗುಂಪಿಗೆ ದಿನಾ ಬೆಳಿಗ್ಗೆ ಏನಾದರೂ ಹಾಕಲೇಬೇಕೆಂದು ಹಟ ಹಿಡಿದವರು, ಇಂಥವರಿಗೆಲ್ಲ ಆ ದಫ್ತರ ಕಟ್ಟುವ ಬಗೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ಪುಸ್ತಕ ತನ್ನಿ

ಇನ್ನೂರು ಪುಟಗಳ ಎರಡು ಲಾಂಗ್ ಬುಕ್ ಸಾಕು. ಜನವರಿಯಿಂದ ಜೂನ್‌ವರೆಗೆ, ಫೆಬ್ರವರಿ 29ನ್ನೂ ಸೇರಿಸಿದರೆ 182 ದಿನ. ಜುಲೈಯಿಂದ ಡಿಸೆಂಬರ್‌ವರೆಗೆ 184. ದಿನಕ್ಕೊಂದು ಪುಟದಂತೆ ತಾರೀಖು ಮಾತ್ರ ಬರೆಯಿರಿ, ಇಸವಿ ಬೇಡ. ಪುಟವನ್ನು ಅಡ್ಡ ಗೆರೆಯಿಂದ ಮೂರು ಭಾಗ ಮಾಡಿ ಮೇಲಿನದನ್ನು ನಮ್ಮ ಸೀಮೆಗೆ, ನಡುವಿನದನ್ನು ನಾಡು ಮತ್ತು ದೇಶಕ್ಕೆ, ಕೆಳಗಿನದನ್ನು ಹೊರಗಿನ ಜಗತ್ತಿಗೆ ಬಿಡಿ. ಮೇಲಿನ ಭಾಗ ತುಂಬುವುದು ಎಲ್ಲಕ್ಕಿಂತ ಕಷ್ಟ, ಕೆಳಗಿನದು ಅರ್ಧ ಗಂಟೆಯಲ್ಲಿ ತುಂಬುತ್ತದೆ. ಅದಕ್ಕೇ ಮೇಲಿನಿಂದ ಆರಂಭಿಸಿ. ಕೆಳಗಿನಿಂದ ಆರಂಭಿಸಿದವರು ಮೇಲಕ್ಕೆ ಬಂದದ್ದನ್ನು ನಾನು ನೋಡಿಲ್ಲ.

ಎರಡೂ ಪುಸ್ತಕಗಳ ಕೊನೆಯಲ್ಲಿ ಹದಿನಾರು, ಹದಿನೆಂಟು ಪುಟ ಉಳಿಯುತ್ತವೆ. ಅವು ತಿಥಿಯ ಸಂಗತಿಗಳಿಗೆ. ಬಸವ ಜಯಂತಿ ಅಕ್ಷಯ ತದಿಗೆಗೆ ಬರುತ್ತದೆ. ಹಾವೇರಿ ಜಿಲ್ಲೆಯ ಬಾಡದ ಕನಕದಾಸರ ಜಯಂತಿ ಕಾರ್ತಿಕದಲ್ಲಿ, ಹುಬ್ಬಳ್ಳಿಯ ಸಿದ್ಧಾರೂಢರ ಜಾತ್ರೆ ಶಿವರಾತ್ರಿಯ ಹೊತ್ತಿಗೆ. ಇವುಗಳಿಗೆ ಇಂಗ್ಲಿಷ್ ತಾರೀಖಿನ ಗೂಟ ಹೊಡೆದರೆ ಮುಂದಿನ ವರ್ಷ ಅದು ಕಿತ್ತುಕೊಂಡು ಬರುತ್ತದೆ. ಪ್ರತಿ ಯುಗಾದಿಗೆ ಹೊಸ ಪಂಚಾಂಗ ನೋಡಿ ಆ ವರ್ಷದ ತಾರೀಖನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಅಂದಹಾಗೆ, ‘ಪುಣ್ಯತಿಥಿ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ತಾರೀಖು ಹಾಕುವುದು ನಮ್ಮ ಪತ್ರಿಕೆಗಳ ಹಳೆಯ ರೂಢಿ. ಹಲಗೆಯ ಮೇಲೆ ‘ಪುಣ್ಯಸ್ಮರಣೆ’ ಎಂದು ಬರೆದರೆ ತಂಟೆಯಿಲ್ಲ.

ಸಾಮಗ್ರಿ ಎಲ್ಲಿ ಸಿಗುತ್ತದೆ

ಜಿಲ್ಲಾ ಗ್ಯಾಸೆಟಿಯರ್‌ನಿಂದ ಹೊರಡಿ. ಗದಗ ಮತ್ತು ಹಾವೇರಿ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕಿಂತ ಹಳೆಯ ಪುಸ್ತಕಗಳಲ್ಲಿ ರೋಣವೂ ರಾಣೇಬೆನ್ನೂರೂ ಧಾರವಾಡ ಜಿಲ್ಲೆಯ ಹೊಟ್ಟೆಯಲ್ಲೇ ಇರುತ್ತವೆ. 1956ಕ್ಕಿಂತ ಹಿಂದಿನದಾದರೆ ಇಡೀ ಸೀಮೆ ಮುಂಬಯಿ ಪ್ರಾಂತದ ಲೆಕ್ಕದಲ್ಲಿ ಸಿಗುತ್ತದೆ. ಇಂಗ್ಲಿಷ್ ಪುಸ್ತಕವಾದರೆ ‘ಧಾರ್ವಾರ್’, ‘ಹುಬ್ಳಿ’ ಎಂಬ ಹಳೆಯ ಕಾಗುಣಿತದಲ್ಲಿ ಹುಡುಕಬೇಕು. ಇಷ್ಟು ತಿಳಿಯದೆ ನಾನು ಒಂದು ಬೇಸಿಗೆ ರಜೆಯನ್ನೇ ಕಳೆದುಕೊಂಡೆ.

ಧಾರವಾಡಕ್ಕೆ ಹೋದಾಗ ಕರ್ನಾಟಕ ವಿದ್ಯಾವರ್ಧಕ ಸಂಘದ ಮೆಟ್ಟಿಲು ಹತ್ತಿ, ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಕೇಳಿ. ಅದಕ್ಕೂ ಮೊದಲು ಒಂದು ಭಾನುವಾರ ನಿಮ್ಮ ಊರಿನಲ್ಲೇ ಸುತ್ತಿ ಕಲ್ಲು ಓದಿ. ಶಾಲೆ, ಸೊಸೈಟಿ, ಬ್ಯಾಂಕು, ಕೆರೆಯ ಏರಿ, ಬಸ್ ನಿಲ್ದಾಣ, ಎಲ್ಲೆಲ್ಲೂ ಕಲ್ಲಿನ ಫಲಕಗಳಿವೆ. ಶಂಕುಸ್ಥಾಪನೆಯ ಕಲ್ಲು ಬೇರೆ, ಉದ್ಘಾಟನೆಯ ಕಲ್ಲು ಬೇರೆ ಎಂಬುದನ್ನು ಮಾತ್ರ ಮರೆಯಬೇಡಿ. ನಮ್ಮಲ್ಲಿ ಈ ಎರಡರ ನಡುವೆ ಹತ್ತು ವರ್ಷ ಕಳೆದ ಕಟ್ಟಡಗಳೂ ಇವೆ. ಹಿರಿಯರನ್ನೂ ಕೇಳಿ. ಅವರಿಗೆ ತಾರೀಖು ನೆನಪಿರುವುದಿಲ್ಲ, ಆದರೆ “ಅಂದು ನಮ್ಮೂರ ಸಂತೆ, ಬಿತ್ತನೆ ಮುಗಿದಿತ್ತು” ಎನ್ನುತ್ತಾರೆ. ಆ ಮಾತಿನಿಂದ ವಾರವೂ ತಿಂಗಳೂ ಸಿಕ್ಕಿಬಿಡುತ್ತವೆ, ಹಳೆಯ ಕ್ಯಾಲೆಂಡರಿನೊಂದಿಗೆ ತಾಳೆ ನೋಡುವುದು ಸುಲಭ.

ತಾರೀಖನ್ನು ಒರೆಗೆ ಹಚ್ಚುವುದು

ಇಲ್ಲಿ ಆತುರ ಮಾಡಬೇಡಿ. ಹಲಗೆಯ ಮೇಲಿನ ತಪ್ಪು ಒಂದೇ ದಿನದಲ್ಲಿ ಮುನ್ನೂರು ನೋಟುಬುಕ್ಕುಗಳಿಗೆ ಹರಡುತ್ತದೆ.

ಗಡಿಯಾರದಿಂದ ಆರಂಭಿಸೋಣ. ಮೇಲೆ ಹೇಳಿದ ಮುಖಭಂಗದ ಹಿಂದಿನ ದಿನ, ಜುಲೈ 20ರಂದು, ನಾನು ‘1969: ಮಾನವ ಚಂದ್ರನ ಮೇಲೆ ಇಳಿದ’ ಎಂದು ಬರೆದಿದ್ದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು, “ಸರ್, ಆಗ ನಮ್ಮಲ್ಲಿ ಎಷ್ಟು ಗಂಟೆ?” ಎಂದಳು. ಲೆಕ್ಕ ಹಾಕಿದೆ. ಅಪೊಲೊ 11ರ ನೌಕೆ ಚಂದ್ರನ ನೆಲ ಮುಟ್ಟಿದ್ದು ಗ್ರೀನ್‌ವಿಚ್ ವೇಳೆಯಂತೆ ಜುಲೈ 20ರ ರಾತ್ರಿ 8 ಗಂಟೆ 17 ನಿಮಿಷಕ್ಕೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ಭಾರತದಲ್ಲಿ ಜುಲೈ 21ರ ನಸುಕಿನ 1 ಗಂಟೆ 47 ನಿಮಿಷ. ಆರ್ಮ್‌ಸ್ಟ್ರಾಂಗ್ ಕಾಲಿಟ್ಟಾಗ ನಮ್ಮಲ್ಲಿ ಬೆಳಿಗ್ಗೆ 8 ಗಂಟೆ 26 ನಿಮಿಷ. ಹುಬ್ಬಳ್ಳಿಯಲ್ಲಿ ಜನ ಚಹ ಕುಡಿದು ಅಂಗಡಿಯ ಬಾಗಿಲು ತೆಗೆಯುವ ಹೊತ್ತು. ಅಂದರೆ ಅಮೆರಿಕದ ಪುಸ್ತಕಕ್ಕೆ ಅದು ಜುಲೈ 20, ನಮ್ಮ ಗೋಡೆಯ ಕ್ಯಾಲೆಂಡರಿಗೆ ಜುಲೈ 21. ನಾನು 21ರ ಪುಟಕ್ಕೆ ಸಾಗಿಸಿ, ‘ಭಾರತೀಯ ಕಾಲಮಾನ’ ಎಂಬ ಎರಡು ಪದ ಸೇರಿಸಿದ್ದೇನೆ. ಒಪ್ಪದವರು 20ರಲ್ಲೇ ಇಟ್ಟುಕೊಳ್ಳಲಿ, ಗಂಟೆ ಬರೆದರೆ ಸಾಕು.

20ರ ಪುಟ ಇದರಿಂದ ಬಡವಾಗಲಿಲ್ಲ. 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರು ಮುಂದಾಗಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘವನ್ನು ಕಟ್ಟಿದ್ದರು. ಪರರಾಜ್ಯದಲ್ಲಿ ಸಿಕ್ಕಿಬಿದ್ದ ಕನ್ನಡಕ್ಕೆ ಒಂದು ಮನೆ ಸಿಕ್ಕ ದಿನ ಅದು. ಚಂದ್ರನ ಹಂಗು ಅದಕ್ಕೆ ಬೇಕಿಲ್ಲ.

ಇನ್ನು ಪತ್ರಿಕೆಯ ತಾರೀಖು. ಸುದ್ದಿ ಅಚ್ಚಾಗುವುದು ಮರುದಿನ. ಹಳೆಯ ಪತ್ರಿಕೆಯ ಮೇಲಿನ ತಾರೀಖನ್ನೇ ಘಟನೆಯ ತಾರೀಖೆಂದು ಎತ್ತಿಕೊಂಡು ಬರೆದವರು ಬಹಳ ಮಂದಿ. ವರದಿಯೊಳಗೆ ‘ನಿನ್ನೆ’, ‘ಮೊನ್ನೆ ಸಂಜೆ’ ಎಂದಿದೆಯೇ ನೋಡಿ. ವಾರದ ಹೆಸರಿದ್ದರೆ ಮೊಬೈಲಿನ ಕ್ಯಾಲೆಂಡರ್ ತೆಗೆದು ಆ ಇಸವಿಗೆ ಹೋಗಿ ಹೋಲಿಸಿ. ವಾರ ಹೊಂದದಿದ್ದರೆ ತಾರೀಖಿನಲ್ಲೇ ಏನೋ ಎಡವಟ್ಟಿದೆ.

ಪಠ್ಯಪುಸ್ತಕವೂ ಕಣ್ಣು ಮುಚ್ಚಿ ನಂಬುವಂಥದ್ದಲ್ಲ. ಚೌರಿ ಚೌರಾ ಘಟನೆಯನ್ನು 1922ರ ಫೆಬ್ರವರಿ 5 ಎಂದು ಓದಿ ಅಂಕ ಪಡೆದವನು ನಾನು. ಸರ್ಕಾರ ಅದರ ಶತಮಾನೋತ್ಸವಕ್ಕೆ ಚಾಲನೆ ಕೊಟ್ಟದ್ದು 2021ರ ಫೆಬ್ರವರಿ 4ರಂದು. 4 ಎಂದು ಹಿಡಿದರೆ ನಮ್ಮ ಸೀಮೆಗೆ ಒಂದು ಬೆರಗು ದಕ್ಕುತ್ತದೆ: ಭೀಮಸೇನ ಜೋಶಿಯವರು ಇಂದಿನ ಗದಗ ಜಿಲ್ಲೆಯಲ್ಲಿ ಹುಟ್ಟಿದ್ದು ಅದೇ ಇಸವಿ, ಅದೇ ತಾರೀಖು. ಚಳವಳಿಯೊಂದು ಹಠಾತ್ತನೆ ನಿಲ್ಲಲು ಕಾರಣವಾದ ದಿನವೇ ಇಲ್ಲೊಂದು ತೊಟ್ಟಿಲು ತೂಗುತ್ತಿತ್ತು. ಹೀಗೆ ಇಸವಿಯೂ ತಾರೀಖೂ ಎರಡೂ ಕೂಡಿ ಬರುವುದು ಅಪರೂಪ. ಬಂದರೆ ಅಡಿಗೆರೆ ಹಾಕಿ.

ಕ್ಯಾಲೆಂಡರೇ ಬದಲಾದ ಪ್ರಕರಣಗಳೂ ಇವೆ. ಷೇಕ್ಸ್‌ಪಿಯರ್ ಮತ್ತು ಸರ್ವಾಂಟಿಸ್ ಇಬ್ಬರೂ 1616ರ ಏಪ್ರಿಲ್ 23ರಂದು ತೀರಿಕೊಂಡರು ಎಂಬ ಮಾತು ಪುಸ್ತಕ ದಿನದಂದು ತಪ್ಪದೆ ಬರುತ್ತದೆ. ಆಗ ಇಂಗ್ಲೆಂಡ್ ಹಳೆಯ ಜೂಲಿಯನ್ ಕ್ಯಾಲೆಂಡರನ್ನೂ ಸ್ಪೇನ್ ಹೊಸ ಗ್ರೆಗೋರಿಯನ್ ಕ್ಯಾಲೆಂಡರನ್ನೂ ಬಳಸುತ್ತಿದ್ದವು. ಇಬ್ಬರ ಏಪ್ರಿಲ್ 23ರ ನಡುವೆ ಹತ್ತು ದಿನದ ಅಂತರ. ಇಂಗ್ಲೆಂಡ್ ಹೊಸ ಲೆಕ್ಕಕ್ಕೆ ಬಂದದ್ದು 1752ರಲ್ಲಿ, ಸೆಪ್ಟೆಂಬರ್ 2ರ ಮರುದಿನವನ್ನು ಸೆಪ್ಟೆಂಬರ್ 14 ಎಂದು ಕರೆದು. ಮಕ್ಕಳಿಗೆ ಇದನ್ನು ಹೇಳಿ ನೋಡಿ. ಆ ಹನ್ನೊಂದು ದಿನಗಳಲ್ಲಿ ಹುಟ್ಟುಹಬ್ಬ ಇದ್ದವರ ಗತಿಯೇನು ಎಂದು ಕೇಳುತ್ತಾರೆ.

ನಮ್ಮ ಮಾಸ್ತರರ ಕರಾಮತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಊರಿನ ಹಿರಿಯರ ಶಾಲಾ ದಾಖಲೆ ತೆಗೆದರೆ ಅರ್ಧಕ್ಕರ್ಧ ಮಂದಿ ಜೂನ್ 1ರಂದು ಹುಟ್ಟಿದ್ದಾರೆ. ಒಂದನೆಯ ತರಗತಿಗೆ ಸೇರಿಸುವಾಗ ತಾಯಿ, “ಹೋಳಿ ಹುಣ್ಣಿಮೆ ಆಗಿ ಎಂಟು ದಿನಕ್ಕೆ” ಎಂದಿದ್ದಾಳೆ, ಮಾಸ್ತರರು ಜೂನ್ 1 ಎಂದು ಬರೆದಿದ್ದಾರೆ. ಯಾವುದೇ 23 ಜನ ಸೇರಿದಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಇರುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚು ಎಂದು ಗಣಿತ ಹೇಳುತ್ತದೆ. ನಮ್ಮ ಊರಿನ ಕಟ್ಟೆಯ ಮೇಲಾದರೆ ನಾಲ್ಕು ಜನ ಸಾಕು. ಆದ್ದರಿಂದ ಸ್ಥಳೀಯ ಮಹನೀಯರ ಜನ್ಮದಿನ ಜೂನ್ 1 ಎಂದು ಸಿಕ್ಕರೆ ಇನ್ನೊಂದು ಆಧಾರ ಸಿಗುವವರೆಗೆ ಪೆನ್ಸಿಲ್ಲಿನಲ್ಲೇ ಇರಲಿ.

ಆಕಸ್ಮಿಕವೋ, ಆರಿಸಿದ್ದೋ

ಒಂದೇ ತಾರೀಖಿನಲ್ಲಿ ಎರಡು ಸಂಗತಿ ಕಂಡ ಕೂಡಲೇ ‘ಎಂಥ ಕಾಕತಾಳೀಯ’ ಎಂದು ಬರೆಯಬೇಡಿ. ಯಾರಾದರೂ ಬೇಕೆಂದೇ ಆ ದಿನ ಆರಿಸಿದರೇ ಎಂದು ಮೊದಲು ನೋಡಿ. 1950ರಲ್ಲಿ ಸಂವಿಧಾನ ಜಾರಿಗೆ ಜನವರಿ 26ನ್ನು ಆರಿಸಿದ್ದು, 1930ರ ಅದೇ ದಿನ ದೇಶವೆಲ್ಲ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿತ್ತೆಂದು. ನವೆಂಬರ್ 1ರ ಪುಟ ನಮ್ಮಲ್ಲಿ ತುಂಬಿ ತುಳುಕುವುದೂ ಹೀಗೆಯೇ. 1956ರಲ್ಲಿ ಏಕೀಕೃತ ಮೈಸೂರು ರಾಜ್ಯ. 1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. 1973ರಲ್ಲಿ ಕರ್ನಾಟಕ ಎಂಬ ಹೆಸರು. 2014ರಲ್ಲಿ ‘ಹುಬ್ಳಿ’ ಅಧಿಕೃತವಾಗಿ ‘ಹುಬ್ಬಳ್ಳಿ’ ಆದದ್ದು. ಒಂದು ಶುಭದಿನದ ಸುತ್ತ ಉಳಿದವು ಬಂದು ಕುಳಿತಿವೆ. ಆ ಖಾದಿ ಸಂಘದ ಬೆಂಗೇರಿ ಕೇಂದ್ರದಲ್ಲೇ ರಾಷ್ಟ್ರಧ್ವಜ ಸಿದ್ಧವಾಗುವುದರಿಂದ, ಸಂವಿಧಾನ ಸಭೆ ಧ್ವಜವನ್ನು ಒಪ್ಪಿಕೊಂಡ 1947ರ ಜುಲೈ 22ರ ಪುಟದಲ್ಲೂ ಹುಬ್ಬಳ್ಳಿಯ ಹೆಸರು ಬರೆಯುವ ಹಕ್ಕು ನಮಗಿದೆ.

ಮರೆವಿನಿಂದ ನಿಗದಿಯಾದ ದಿನಗಳೂ ಉಂಟು. 1921ರ ಜುಲೈ 1ರಂದು ಧಾರವಾಡದ ಜಕಣಿ ಬಾವಿಯ ಬಳಿ ಹೆಂಡದಂಗಡಿಯ ಮುಂದೆ ಪಿಕೆಟಿಂಗ್ ಮಾಡುತ್ತಿದ್ದ ಖಿಲಾಫತ್ ಕಾರ್ಯಕರ್ತರ ಮೇಲೆ ಗುಂಡು ಹಾರಿ ಮೂವರು ಮಡಿದರು. ಚೀನಾದ ಕಮ್ಯುನಿಸ್ಟ್ ಪಕ್ಷ ತನ್ನ ಸ್ಥಾಪನೆಯ ದಿನವೆಂದು ಆಚರಿಸುವುದೂ 1921ರ ಜುಲೈ 1ನ್ನೇ. ಆದರೆ ಆ ಪಕ್ಷದ ಮೊದಲ ಸಮಾವೇಶ ಸೇರಿದ್ದು ಜುಲೈ 23ಕ್ಕೆ. ವರ್ಷಗಳಾದ ಮೇಲೆ ನಾಯಕರಿಗೆ ದಿನ ನೆನಪಾಗದೆ ತಿಂಗಳ ಮೊದಲ ತಾರೀಖನ್ನೇ ಗೊತ್ತುಮಾಡಿದರು. ನಮ್ಮ ಜೂನ್ 1ರ ಮಾಸ್ತರರೇ ವಾಸಿ.

ಇನ್ನು ಭಕ್ತಿ, ಅಭಿಮಾನ ಬೆರೆತ ತಾರೀಖುಗಳ ವಿಷಯ. ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ನಂದಗಡದಲ್ಲಿ ನೇಣಿಗೇರಿದ್ದು 1831ರ ಜನವರಿ 26 ಎಂದು ಆ ಎರಡೂ ರಾಷ್ಟ್ರೀಯ ಹಬ್ಬಗಳಂದು ಭಾಷಣಕಾರರು ಹೇಳದೆ ಬಿಡುವುದಿಲ್ಲ. ಶಿಶುನಾಳ ಶರೀಫರು ಹುಟ್ಟಿದ್ದು 1819ರ ಜುಲೈ 3, ಅಗಲಿದ್ದು 1889ರ ಜುಲೈ 3 ಎಂದು ಅಚ್ಚಾದದ್ದನ್ನು ನೀವೂ ನೋಡಿರುತ್ತೀರಿ. ಷೇಕ್ಸ್‌ಪಿಯರ್‌ನ ಕಥೆಯೂ ಇಂಥದ್ದೇ. ದಾಖಲೆಯಲ್ಲಿ ಇರುವುದು 1564ರ ಏಪ್ರಿಲ್ 26ರ ದೀಕ್ಷಾಸ್ನಾನ ಮಾತ್ರ, ಹುಟ್ಟಿದ್ದು ಏಪ್ರಿಲ್ 23 ಎಂಬುದು ಜನ ಕೂಡಿಸಿಕೊಂಡ ಲೆಕ್ಕ. ಇಂಥವನ್ನು ಹಲಗೆಯಿಂದ ಹೊರಗಿಡಬೇಕಿಲ್ಲ. ‘ಎಂದು ನಂಬಿಕೆ’, ‘ಎಂದು ಪ್ರತೀತಿ’ ಎಂಬ ಮಾತು ಸೇರಿಸಿದರಾಯಿತು. ದಾಖಲೆ ಗಟ್ಟಿಯಿದ್ದಲ್ಲಿ ಆ ಬಾಲ ಬೇಡ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಹತನಾದದ್ದು ಕಂಪನಿ ಸರ್ಕಾರದ ಕಾಗದಗಳಲ್ಲೇ ಇದೆ.

ಹಲಗೆಗೆ ಏರಿಸುವುದು

ಮೂರು ಸಾಲು, ಹೆಚ್ಚೆಂದರೆ ನಾಲ್ಕು. ಸೈಕಲ್ ಮೇಲೆ ಹೋಗುವವನು ಕಾಲು ಊರದೆ ಓದುವಂತಿರಬೇಕು. ಇಸವಿಯ ಕ್ರಮದಲ್ಲೇ ಬರೆಯಬೇಕೆಂಬ ಕಟ್ಟಳೆ ಇಲ್ಲ, ಊರಿನದು ಮೊದಲು. ತಾರೀಖು ಬಿಟ್ಟರೆ ಬೇರೆ ನಂಟಿಲ್ಲದ ಸಂಗತಿಗಳನ್ನು ಒತ್ತಾಯದಿಂದ ಗಂಟು ಹಾಕಬೇಡಿ. ಆದರೆ ನಂಟು ತಾನಾಗಿ ಕಂಡರೆ ಬಿಡಬೇಡಿ. ಮಾರ್ಚ್ 12ಕ್ಕೆ ನಾನು ಬರೆಯುವುದು ಹೀಗೆ:

1930: ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟರು. ಜೊತೆ ನಡೆದವರಲ್ಲಿ ಕರ್ನಾಟಕದಿಂದ ಒಬ್ಬರೇ: ಮೋಟೆಬೆನ್ನೂರಿನ ಹದಿನೆಂಟರ ತರುಣ ಮೈಲಾರ ಮಹಾದೇವಪ್ಪ.
2023: ಹುಬ್ಬಳ್ಳಿ ರೈಲು ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರಂ ಉದ್ಘಾಟನೆ. ಜಗತ್ತಿನಲ್ಲೇ ಅತಿ ಉದ್ದದ್ದು. ಅದೇ ದಿನ ಧಾರವಾಡ ಐಐಟಿಯ ಲೋಕಾರ್ಪಣೆ.

ಇದರ ಕೆಳಗೆ ಒಂದು ಲೆಕ್ಕ: ದಂಡಿಯ ದಾರಿ ಸುಮಾರು 385 ಕಿಲೋಮೀಟರ್. ಆ ಪ್ಲಾಟ್‌ಫಾರಂನ ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಸಲ ನಡೆದರೆ ಅಷ್ಟಾಗುತ್ತದೆ? ಉತ್ತರ ಸುಮಾರು 255. ಅಲ್ಲಿ ಸಾಮಾನು ಹೊತ್ತು ಒಮ್ಮೆ ನಡೆದವರಿಗೆ ಮಹಾದೇವಪ್ಪ ಯಾರೆಂದು ಬೇರೆ ವಿವರಿಸಬೇಕಿಲ್ಲ.

ಅದೇ ಮಹಾದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು, ಜೊತೆಗೆ ತಿರುಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರು. 1935ರಲ್ಲಿ ರಿಸರ್ವ್ ಬ್ಯಾಂಕ್ ಶುರುವಾದದ್ದೂ 1973ರಲ್ಲಿ ಹುಲಿ ಯೋಜನೆ ಆರಂಭವಾದದ್ದೂ ಇದೇ ತಾರೀಖು. ಅವು ಬೇಕಾದರೆ ಇರಲಿ. ‘ಮೂರ್ಖರ ದಿನ’ದ ನಗೆಹನಿಯನ್ನು ಮಾತ್ರ ಅದೇ ಹಲಗೆಯ ಮೇಲೆ ಬರೆಯಬೇಡಿ, ಅದೂ ಹಾವೇರಿ ಜಿಲ್ಲೆಯಲ್ಲಿ.

ಕೆಲವು ದಿನ ಪುಟ ತಾನಾಗಿಯೇ ಉಕ್ಕುತ್ತದೆ. ಆಗಸ್ಟ್ 9 ನೋಡಿ. 1909ರಲ್ಲಿ ಸವಣೂರಿನಲ್ಲಿ ವಿ. ಕೃ. ಗೋಕಾಕರ ಜನನ. 1925ರಲ್ಲಿ ಕಾಕೋರಿ ರೈಲು ಪ್ರಕರಣ. 1942ರಲ್ಲಿ ಬೆಳಗಾಗುವ ಮುನ್ನವೇ ಗಾಂಧೀಜಿಯವರ ಬಂಧನವಾಗಿ ದೇಶವೆಲ್ಲ ‘ಚಲೇಜಾವ್’ ಎಂದು ಎದ್ದದ್ದು. 1945ರಲ್ಲಿ ನಾಗಸಾಕಿಯ ಮೇಲೆ ಅಣುಬಾಂಬು. ನಾಲ್ಕನ್ನೂ ಒಂದೇ ಹಲಗೆಗೆ ತುರುಕಿದರೆ ಯಾವುದೂ ಮನಸ್ಸಿಗೆ ಇಳಿಯುವುದಿಲ್ಲ. ನಾನು ಒಂದು ವರ್ಷ ಗೋಕಾಕರು ಮತ್ತು ಕಾಕೋರಿ, ಇನ್ನೊಂದು ವರ್ಷ ಚಲೇಜಾವ್ ಮತ್ತು ನಾಗಸಾಕಿ ಎಂದು ಸರದಿ ಹಾಕಿದ್ದೇನೆ. ಬರೆದ ಇಸವಿಯನ್ನು ಪುಟದ ಮೂಲೆಯಲ್ಲಿ ಗುರುತು ಹಾಕಿಕೊಳ್ಳಿ, ಇಲ್ಲವಾದರೆ ಪ್ರತಿ ವರ್ಷ ಅದೇ ರಾಗ.

ಜುಲೈ 21ರ ನನ್ನ ಪುಟ ಈಗ ಹೀಗಿದೆ. ಮೇಲೆ ನರಗುಂದ-ನವಲಗುಂದ, 1980. ಅದರ ಕೆಳಗೆ 2009ರಲ್ಲಿ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ ಅವರ ನಿಧನ. ಆಮೇಲೆ ಬಂಡಾರನಾಯಕೆ, ಕೊನೆಗೆ ಚಂದ್ರ. ಹೆಮಿಂಗ್ವೆಗೆ ಜಾಗ ಸಾಲಲಿಲ್ಲ.

ಖಾಲಿ ಪುಟಗಳು

ಒಂದು ವರ್ಷದ ದುಡಿಮೆಯ ನಂತರವೂ ಅರವತ್ತು ಎಪ್ಪತ್ತು ಪುಟಗಳ ಮೇಲಿನ ಭಾಗ ಖಾಲಿ ಉಳಿಯಬಹುದು. ಗಾಬರಿ ಬೇಡ, ಸುಳ್ಳು ತುಂಬುವುದಂತೂ ಬೇಡವೇ ಬೇಡ. ಆ ದಿನ ಹಲಗೆಯ ಮೇಲೆ ಪ್ರಶ್ನೆ ಬರೆಯಿರಿ: ‘ಈ ತಾರೀಖಿನಲ್ಲಿ ನಮ್ಮೂರಲ್ಲಿ ನಡೆದದ್ದು ಯಾರಿಗಾದರೂ ಗೊತ್ತೇ?’ ಸಂಜೆಯೊಳಗೆ ಯಾರಾದರೊಬ್ಬರು ಹಳೆಯ ಲಗ್ನಪತ್ರಿಕೆಯನ್ನೋ ಸೊಸೈಟಿಯ ರಸೀದಿಯನ್ನೋ ಹಿಡಿದು ಬರುತ್ತಾರೆ. ಮೊದಲ ಬಸ್ಸು ಬಂದದ್ದು, ವಿದ್ಯುತ್ ದೀಪ ಹೊತ್ತಿದ್ದು, ಹಳ್ಳಕ್ಕೆ ಸೇತುವೆಯಾದದ್ದು ನನ್ನ ದಫ್ತರಕ್ಕೆ ಬಂದದ್ದು ಈ ದಾರಿಯಲ್ಲೇ.

ಫೆಬ್ರವರಿ 29ರ ಪುಟಕ್ಕೆ ನಮ್ಮ ಸೀಮೆಯದೇನೂ ಸಿಗಲಾರದು ಎಂದು ಬಹಳ ಕಾಲ ಬಿಟ್ಟುಬಿಟ್ಟಿದ್ದೆ. 1896ರ ಆ ದಿನ ಗುಜರಾತಿನಲ್ಲಿ ಮೊರಾರ್ಜಿ ದೇಸಾಯಿ ಹುಟ್ಟಿದರು ಎಂದು ನಡುವಿನ ಭಾಗದಲ್ಲಿ ಬರೆದು ಸುಮ್ಮನಾಗಿದ್ದೆ. ಆಮೇಲೊಮ್ಮೆ ಏಕೀಕರಣದ ಕಡತ ಓದುವಾಗ ಹೊಳೆಯಿತು: 1952ರಿಂದ 1956ರ ಅಕ್ಟೋಬರ್ ಕೊನೆಯವರೆಗೆ ಮುಂಬಯಿ ರಾಜ್ಯದ ಮುಖ್ಯಮಂತ್ರಿ ಅವರೇ, ಅಂದರೆ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಗಳ ಮುಖ್ಯಮಂತ್ರಿಯೂ ಅವರೇ. ಅದರಗುಂಚಿ ಶಂಕರಗೌಡರು ಏಕೀಕರಣಕ್ಕಾಗಿ ಉಪವಾಸ ಕುಳಿತದ್ದು ಅವರ ಆಡಳಿತದಲ್ಲೇ. ಹೆಸರನ್ನು ಮೇಲಿನ ಭಾಗಕ್ಕೆ ಎತ್ತಿ ಬರೆದೆ. ಆ ಪುಟ ಇನ್ನೊಮ್ಮೆ ತೆರೆಯುವುದು 2028ರಲ್ಲಿ. ಕ್ಯಾಲೆಂಡರ್ ನೋಡಿದ್ದೇನೆ, ಅಂದು ಮಂಗಳವಾರ, ಶಾಲೆ ಇರುತ್ತದೆ.